ಜಲ್ಲಿರಾಯನಿಗೆ ನೀರು

ಆ ಭಾನುವಾರ ಅಮ್ಮ ಚಿತ್ರಾನ್ನಕ್ಕೆ ಕಡಲೆಬೀಜ ಕಡಿಮೆ ಹಾಕಿದ್ದಳು. ಡಬ್ಬಿಯ ಮುಚ್ಚಳವನ್ನೇ ತಟ್ಟೆ ಮಾಡಿಕೊಂಡು ನಾನೂ ಅಣ್ಣನೂ ಒಟ್ಟಿಗೆ ತಿನ್ನುತ್ತಿದ್ದೆವು. ಉಳಿದಿದ್ದ ಕೊನೆಯ ಬೀಜವನ್ನು ಇಬ್ಬರೂ ಬೆರಳಿನಿಂದ ಒತ್ತಿ ಹಿಡಿದು ಬಿಡದೆ ಕೂತಿದ್ದೆವು. ನಾವಿದ್ದದ್ದು ಯಡಿಯೂರು ಕೆರೆಯ ಹಿಂದಿನ ಬಾಡಿಗೆ ಮನೆಯಲ್ಲಿ. ಸ್ವಂತ ಮನೆ ಜೆ.ಪಿ. ನಗರದ ಸೈಟಿನಲ್ಲಿ ನಿಧಾನವಾಗಿ ಮೇಲೇಳುತ್ತಿತ್ತು. ಭಾನುವಾರ ಬಂತೆಂದರೆ ಎಲ್ಲರೂ ಅಲ್ಲಿಗೆ ಹೋಗುತ್ತಿದ್ದೆವು. ಅಪ್ಪ ಸೈಕಲ್ಲಿನ ಹ್ಯಾಂಡಲ್ಲಿಗೆ ಬಕೆಟ್ಟು ನೇತುಹಾಕಿಕೊಂಡು ಮುಂದೆ ಹೋಗುತ್ತಿದ್ದ, ನಾವು ಮೂವರು ಸಾರಕ್ಕಿ ದಾಟಿ ನಡೆದು ಹೋಗುತ್ತಿದ್ದೆವು. ಹೊಸ ಗೋಡೆಗೆ ದಿನವೂ ನೀರುಣಿಸದಿದ್ದರೆ ಸಿಮೆಂಟು ಬಿರುಕು ಬಿಡುತ್ತದೆ. ವಾರದ ದಿನ ಆ ಕೆಲಸವನ್ನು ಅಪ್ಪ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು ಒಬ್ಬನೇ ಮಾಡುತ್ತಿದ್ದ. ಭಾನುವಾರ ಅಮ್ಮನೂ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದಳು. ಬಾಗಿಲಿಲ್ಲದ ಬಾಗಿಲುಗಳಿಂದ ಒಳಗೂ ಹೊರಗೂ ಓಡುವುದೊಂದೇ ನಮಗಿದ್ದ ಕೆಲಸ. ಇದು ನಡುಮನೆ, ಇದು ದೇವರ ಗೂಡು, ಇಲ್ಲಿ ಒಲೆ ಬರುತ್ತದೆ ಎಂದು ಅಮ್ಮ ಬರಿ ನೆಲದ ಮೇಲೆ ನಿಂತು ತೋರಿಸುತ್ತಿದ್ದಳು. ಆ ಜಾಗಗಳಿಗೆ ನಾವು ಬೇರೆಯೇ ಹೆಸರಿಟ್ಟಿದ್ದೆವು. ನಡುಮನೆ ಎಂದರೆ ನಗರ, ದೇವರ ಗೂಡು ಸೆರೆಮನೆ. ಮನೆಯ ಮುಂದೆ ಸುರಿದಿದ್ದ ಜಲ್ಲಿಕಲ್ಲಿನ ರಾಶಿ ಜಲ್ಲಿರಾಯನ ಸಿಂಹಾಸನ.

ಜಲ್ಲಿರಾಯ ಎಂದರೆ ನನ್ನ ಅಣ್ಣ ಶಿವು. ಜಗತ್ತಿಗೆಲ್ಲ ಕೇಡು ಬಯಸುವ ಮಹಾದುಷ್ಟ. ಅವನನ್ನು ಸೋಲಿಸಲು ಆಕಾಶದಿಂದ ಇಳಿದು ಬರುವ ಮಿಂಚುಳ್ಳಿ ನಾನು. ಯಡಿಯೂರು ಕೆರೆಯ ಮೇಲೆ ಹಾರುತ್ತಿದ್ದ ನೀಲಿ ಹಕ್ಕಿಯನ್ನು ನೋಡಿ ಆ ಹೆಸರಿಟ್ಟವನು ಅಣ್ಣನೇ. ಅಪ್ಪನ ನೀಲಿ ಟವೆಲ್ಲನ್ನು ನನ್ನ ಕುತ್ತಿಗೆಗೆ ಕಟ್ಟಿ, ಗಂಟು ಬಿಗಿಯಾಯಿತೇ ಎಂದು ಕೇಳಿ, ಆಮೇಲೆ ನನ್ನ ಮೇಲೆ ಯುದ್ಧ ಸಾರುತ್ತಿದ್ದ. ಈ ಹುಚ್ಚು ನಮಗೆ ಹತ್ತಿದ್ದು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದ ಒಂದು ಅಂಗಡಿಯಿಂದ. ಅಲ್ಲಿ ಹಗ್ಗಕ್ಕೆ ನೇತುಬಿದ್ದ ಇಂಗ್ಲಿಷ್ ಚಿತ್ರಕಥೆಗಳಲ್ಲಿ ಮೈಗಂಟಿದ ಬಟ್ಟೆಯವರು ಕಟ್ಟಡಗಳ ಮೇಲೆ ಹಾರುತ್ತಿದ್ದರು. ನಮಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಮಾತೆಲ್ಲ ನಮ್ಮದೇ. ದುಷ್ಟನ ಮಾತುಗಳನ್ನು ಅಣ್ಣ ಎಷ್ಟು ಚೆನ್ನಾಗಿ ಕಟ್ಟುತ್ತಿದ್ದನೆಂದರೆ, ಒಂದು ಭಾನುವಾರ ಬೆಂಗಳೂರಿನ ಬಸ್ಸುಗಳ ನಂಬರುಗಳನ್ನೆಲ್ಲ ಕದ್ದು ಯಾವ ಬಸ್ಸಿಗೂ ಎಲ್ಲಿಗೆ ಹೋಗಬೇಕೆಂದು ತಿಳಿಯದಂತೆ ಮಾಡಿದ. ಇನ್ನೊಂದು ವಾರ ಎಲ್ಲ ದಿನಗಳನ್ನೂ ಸೋಮವಾರ ಮಾಡಿಬಿಟ್ಟ. ಅದಕ್ಕೆ ನಾನು ನಿಜವಾಗಿ ಅತ್ತೆ.

"ಯಾವಾಗ್ಲೂ ನೀನೇ ಯಾಕೆ ವಿಲನ್ನು? ಒಂದ್ಸಲ ಹೀರೋ ಆಗು."

"ಹೀರೋ ಬರೀ ಹಾರ್ತಾನೆ ಕಣೇ. ಯೋಚ್ನೆ ಮಾಡೋ ಕೆಲ್ಸ ಎಲ್ಲ ವಿಲನ್ನಿಂದೇ."

"ನಿನ್ನ ಸಾಯಿಸ್ಬಿಡ್ತೀನಿ ಇವತ್ತು."

"ಸಾಯಿಸು. ಮುಂದಿನ ವಾರ ಆ ಗೋಡೆ ಜೊತೆ ಆಡ್ಕೋ."

ಆಟಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಒಮ್ಮೆ ಜಲ್ಲಿ ರಾಶಿಯ ಮೇಲಿಂದ ನಾನು ತಳ್ಳಿದಾಗ ಅಣ್ಣನ ಮೊಣಕೈ ತರಚಿ ರಕ್ತ ಬಂದಿತ್ತು. ಅಂದಿನಿಂದ ಬಿದ್ದವನು "ನೀರು" ಎಂದರೆ ಯುದ್ಧ ಅಲ್ಲಿಗೇ ನಿಲ್ಲಬೇಕು. ಗೆದ್ದವಳು ತಾನೇ ಚೊಂಬು ತಂದು ಕುಡಿಸಬೇಕು, ಆಮೇಲೆ ಸೆರೆಮನೆ. ಆದರೆ ಬಿದ್ದವನು ಬಾಯಿಬಿಟ್ಟು ಕೇಳಲೇಬೇಕು. ಕೇಳದವನಿಗೆ ಕೊಡುವಂತಿಲ್ಲ, ಕೊಟ್ಟರೆ ಅದು ಅವಮಾನ. ಇದನ್ನೂ ಅಣ್ಣನೇ ಮಾಡಿದ್ದು. ಬೀಳುತ್ತಿದ್ದವನೂ ಪ್ರತಿ ಸಲ ಅವನೇ.

ಆ ದಿನ ನೀರು ಕುಡಿದು ಬಾಯಿ ಒರೆಸಿಕೊಂಡ ಅಣ್ಣ ತಲೆಯೆತ್ತಿ, ಬಾಗಿಲ ಮೇಲೆ ತಾರಸಿಯಂಚಿನ ಕಂಬಕ್ಕೆ ಕಟ್ಟಿದ್ದ ಗೊಂಬೆಯನ್ನು ನೋಡಿದ. ಕಟ್ಟುವ ಮನೆಗಳ ಮುಂದೆ ಈಗಲೂ ದೃಷ್ಟಿಗೊಂಬೆ ಕಟ್ಟುತ್ತಾರೆ. ನಮ್ಮದು ಅಪ್ಪನ ಹಳೆಯ ಫ್ಯಾಕ್ಟರಿ ಶರಟು, ಖಾಕಿ ಪ್ಯಾಂಟುಗಳಿಗೆ ಹುಲ್ಲು ತುಂಬಿ ಮಾಡಿದ್ದು. ತಲೆಗೆ ಮಸಿ ಬಳಿದ ಮಡಕೆ. ಅದಕ್ಕೆ ಸುಣ್ಣದಲ್ಲಿ ಕಣ್ಣು, ಹಲ್ಲು, ದಪ್ಪ ಮೀಸೆ ಬರೆದವನು ಅಣ್ಣ. ಮೀಸೆ ಥೇಟ್ ಅಪ್ಪನದೇ ಎಂದು ಅಮ್ಮ ನಕ್ಕಿದ್ದಳು. ದಾರಿಹೋಕರ ಕಣ್ಣು ಮೊದಲು ಅವನ ಮೇಲೆ ಬೀಳುತ್ತದೆ, ಕೆಟ್ಟದ್ದೆಲ್ಲ ಅವನಿಗೇ ತಾಗಿ ಹೋಗುತ್ತದೆ, ಮನೆಗೆ ಏನೂ ಆಗುವುದಿಲ್ಲ ಎಂದೂ ಅವಳೇ ಹೇಳಿದ್ದಳು. ಅದು ಅಣ್ಣನ ತಲೆಯಲ್ಲಿ ಕೂತುಬಿಟ್ಟಿತ್ತು. ನೋಡಲು ರಾಕ್ಷಸ, ಮಾಡುವುದು ಕಾವಲು.

"ಪಾಪ ಅಲ್ವೇನೇ ಪುಟ್ಟೀ. ಎಲ್ರಿಗೂ ರಜ, ಇವ್ನಿಗೆ ಮಾತ್ರ ಇಲ್ಲ."

ತಾರಸಿಗೆ ಕಾಂಕ್ರೀಟು ಹಾಕಿ ಆಗಿತ್ತು. ಆಳುಗಳು ಬಾಂಡಲಿ ಹೊತ್ತು ಹತ್ತಲೆಂದು ಕಟ್ಟಿದ್ದ ಹಲಗೆಯ ದಾರಿ ಇನ್ನೂ ಇತ್ತು. ಅಣ್ಣ ಅದರ ಮೇಲೆ ಹತ್ತಿ, ಹಗ್ಗ ಬಿಚ್ಚಿ, ಗೊಂಬೆಯನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದ. ಅಡುಗೆಮನೆಯಾಗಬೇಕಿದ್ದ ನೆರಳಿನಲ್ಲಿ ಮಲಗಿಸಿ, ತಲೆಗೆ ಇಟ್ಟಿಗೆ ಕೊಟ್ಟು, ಖಾಲಿ ಸಿಮೆಂಟ್ ಚೀಲ ಹೊದಿಸಿದ. ನಾನು ಕಾಲ ಬಳಿ ಚೀಲ ಸರಿಮಾಡಿದೆ. ಸಂಜೆ ಮತ್ತೆ ಕಟ್ಟುವ ಮಾತಾಗಿತ್ತು. ಅಷ್ಟರಲ್ಲಿ ಬನಶಂಕರಿ ಕಡೆಯಿಂದ ಮೋಡ ಕವಿದು ಬಂತು. ಅಪ್ಪ "ಹೊರಡಿ ಹೊರಡಿ" ಎಂದು ಅವಸರ ಮಾಡಿದ. ನನ್ನ ಕುತ್ತಿಗೆಯ ಟವೆಲ್ಲನ್ನು ಬಿಚ್ಚಿ ತನ್ನ ತಲೆಗೆ ಸುತ್ತಿಕೊಂಡ. ನಾವು ಓಡಿದೆವು.

ಇದನ್ನು ಬರೆಯಲು ಕೂತಾಗಲೆಲ್ಲ ಇಲ್ಲಿಗೆ ಬಂದು ಎದ್ದುಬಿಡುತ್ತೇನೆ. ಒಲೆ ಆರಿಸಿದೆನೋ ಎಂದು ನೋಡುತ್ತೇನೆ, ಒಣಗಿದ ಬಟ್ಟೆಯನ್ನು ಮತ್ತೆ ಹರವುತ್ತೇನೆ, ಬಾಗಿಲಿಗೆ ಹೋಗಿ ಬರುತ್ತೇನೆ. ಅಣ್ಣ ತೀರಿಕೊಂಡ ಮೇಲೆ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ನಾನು ಹೆಚ್ಚು ಓದಿದವಳಲ್ಲ. ಆದರೆ ಆ ಭಾನುವಾರದ ಮಟ್ಟಿಗೆ ಆ ಮನೆಯಲ್ಲಿ ಯಾರೂ ಯಾರಿಗೂ ಏನನ್ನೂ ಹೇಳುವುದು ಬಾಕಿ ಇರಲಿಲ್ಲ. ಅಷ್ಟು ಗೊತ್ತಿದೆ.

ಮಾರನೆಯ ದಿನ ಮೇಸ್ತ್ರಿಯ ಆಳುಗಳು ಹಲಗೆ ದಾರಿಯನ್ನು ಬಿಚ್ಚಿ ಇನ್ನೊಂದು ಕಟ್ಟಡಕ್ಕೆ ಒಯ್ದಿದ್ದರು. ಸಂಜೆ ಅಪ್ಪ ಹೊಸ ಕಾಂಕ್ರೀಟು ಒಣಗದಂತೆ ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸಲು ಹೋದಾಗ ಮೇಲೆ ಹತ್ತಲು ದಾರಿ ಇರಲಿಲ್ಲ. ಹೇಗೋ ಹತ್ತಲು ಹೋದ. ಜಲ್ಲಿ ರಾಶಿಯ ಮೇಲೆ ಬಿದ್ದ. ಸೊಂಟದ ಕೆಳಗೆ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು, ಮನೆಗೆ ಬಂದಾಗ ಬಾಡಿಗೆ ಮನೆಯ ಒಂದೇ ಒಂದು ಕೋಣೆಯನ್ನು ಅವನ ಮಂಚವೇ ತುಂಬಿಕೊಂಡಿತು. ನಾವೆಲ್ಲ ಮಂಚದ ಸುತ್ತ ಓರೆಯಾಗಿ ನಡೆಯುವುದನ್ನು ಕಲಿತೆವು. ಅಡುಗೆಮನೆಗೆ ಹೋಗಬೇಕೆಂದರೂ ಅಪ್ಪನ ಕಾಲ ಬಳಿಯೇ ಹೋಗಬೇಕು. ಯಾರಾದರೂ ಮಂಚಕ್ಕೆ ತಗುಲಿದರೆ ಅವನು ಹಲ್ಲು ಕಚ್ಚುತ್ತಿದ್ದ. ಅಣ್ಣನಂತೂ ಆ ಮನೆಯೊಳಗೆ ಉಸಿರು ಹಿಡಿದುಕೊಂಡೇ ಓಡಾಡುತ್ತಿದ್ದ. ರಾತ್ರಿ ಊಟಕ್ಕೆ ಕೂತರೂ ಅವನ ಮಂಡಿ ಅಲುಗುತ್ತಲೇ ಇರುತ್ತಿತ್ತು.

ಅಪ್ಪನ ಅಕ್ಕ, ನಮ್ಮ ಅತ್ತೆ, ವಿಲ್ಸನ್ ಗಾರ್ಡನ್ನಿನಿಂದ ತನ್ನ ಸಂಸಾರ ಬಿಟ್ಟು ಬಂದು ನಮ್ಮಲ್ಲಿ ನಿಂತಳು. ಸೈಟಿಗೆ ಹೋಗಿ ನೋಡಿ ಬಂದವಳೂ ಅವಳೇ. ಗೊಂಬೆ ಚೀಲ ಹೊದ್ದು ಮಲಗಿದ್ದನ್ನು ಕಂಡು ಬಂದು ಬಾಗಿಲಲ್ಲೇ ನಿಂತು ಕೇಳಿದಳು.

"ಗೊಂಬೆ ಇಳ್ಸಿದ್ದು ಯಾರು?"

"ನಾನೇ ಅತ್ತೆ," ಎಂದ ಅಣ್ಣ.

"ನಾನೂ ಇದ್ದೆ, ನಾನೇ ಚೀಲ ಹೊದ್ಸಿದ್ದು," ಎಂದು ನಾನೂ ಕೂಗಿದೆ.

"ನೀನು ಸುಮ್ನಿರು, ಮಗು ನೀನು. ಲೋ ಶಿವು, ಮನೆ ಕಾಯೋನ್ನ ಮಲಗ್ಸಿ ಬಂದ್ಯಲ್ಲೋ. ನಿಮ್ಮಪ್ಪನ ಮಲಗ್ಸಿಬಿಟ್ಯಲ್ಲೋ!"

ಅಪ್ಪ ಮಂಚದ ಮೇಲೆ ಎಚ್ಚರವಾಗಿಯೇ ಇದ್ದ. ಸೂರಿನ ಕಡೆ ನೋಡುತ್ತಿದ್ದ.

ನೋಡಲು ಬಂದವರಿಗೆಲ್ಲ ಅತ್ತೆ ಕಾಫಿಯ ಜೊತೆ ಈ ಕಥೆಯನ್ನೂ ಕೊಟ್ಟಳು. ಬಂದವರು ಅಣ್ಣನ ಕಡೆ ತಿರುಗಿ ನೋಡುತ್ತಿದ್ದರು. ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ದಿನಾ ಸಂಜೆ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಅಪ್ಪನಿಗೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲವೆಂದರೆ ಅಷ್ಟು ದೃಷ್ಟಿ ಆಗಿದೆ ಎಂದು ಅರ್ಥ. ನಮಗೆ ಕೆಮ್ಮು ಬಂದರೂ ಅತ್ತೆ ಘಾಟಿಲ್ಲ ಎನ್ನುತ್ತಿದ್ದಳು. ಅವಳು ಹಿತ್ತಿಲಿಗೆ ಹೋದಾಗ ಅಮ್ಮ ಉಳಿದ ಉಪ್ಪನ್ನು ಹಿಡಿಯಲ್ಲಿ ತೆಗೆದುಕೊಂಡು ಅಣ್ಣನ ತಲೆಯ ಸುತ್ತ ಬೇಗ ಬೇಗ ಸುತ್ತಿ ಬೆಂಕಿಗೆ ಎಸೆಯುತ್ತಿದ್ದಳು. ಬಾಯಿಬಿಟ್ಟು ಹೇಳುವ ಧೈರ್ಯ ಅಮ್ಮನಿಗೆ ಇರಲಿಲ್ಲ. ಆಗ ನನಗೆ ಅತ್ತೆಯೇ ಆ ಮನೆಯ ಜಲ್ಲಿರಾಯ ಅನ್ನಿಸುತ್ತಿತ್ತು, ಸುಳ್ಳು ಜಲ್ಲಿರಾಯ, ಆಡಲು ಬಾರದವಳು. ಆದರೆ ಅಪ್ಪನ ಮಲ ಮೂತ್ರ ತೆಗೆದು, ಮೈ ಒರೆಸಿ, ಅವನಿಗೆ ನಿದ್ದೆ ಬರುವ ತನಕ ಕಾಲು ನೀವುತ್ತಿದ್ದವಳೂ ಅವಳೇ. ಎತ್ತಿ ಆಡಿಸಿದ ತಮ್ಮ ಹೀಗೆ ಬಿದ್ದಿದ್ದಾನಲ್ಲ ಎಂಬ ಭಯವನ್ನು ಎಲ್ಲಿಯಾದರೂ ಇಳಿಸಬೇಕಿತ್ತು. ಇಳಿಸಲು ಅಣ್ಣ ಸಿಕ್ಕಿದ.

ಒಂದು ಮಧ್ಯಾಹ್ನ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಗೋವಿಂದಣ್ಣ ಬಂದಿದ್ದರು. ಅತ್ತೆ ಬಾವಿಕಟ್ಟೆಯಲ್ಲಿದ್ದಳು. ನಾನು ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ.

"ಉಳ್ದಿದ್ದ ಒಂದು ಹಲಗೆ ನಾನೇ ಇಟ್ಕೊಂಡು ಹತ್ತಿದ್ದು ಗೋವಿಂದಣ್ಣ. ಜಲ್ಲಿ ಮೇಲಿಂದ ಬಾಗ್ಲ ಮೇಲಿನ ಸಜ್ಜಕ್ಕೆ. ಮೇಸ್ತ್ರಿ ನಾಳೆ ಏಣಿ ತರ್ತೀನಿ ಅಂದಿದ್ದ, ನಾನೇ ಕಾಯ್ಲಿಲ್ಲ."

"ಹೋಗ್ಲಿ ಬಿಡಿ. ಹುಡುಗನ್ನ ಏನೋ ಅಂತಿದ್ರಲ್ಲ ನಿಮ್ಮಕ್ಕ."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

"ಅಕ್ಕಂಗೆ ಹಂಗೆ ಅನ್ಕೊಂಡ್ರೆ ಸಮಾಧಾನ."

ಲೋಟವನ್ನು ಅಲ್ಲೇ ಇಟ್ಟು ಓಡಿದೆ. ಅಣ್ಣ ಕೆರೆಯ ಏರಿಯ ಮೇಲೆ ನಿಂತು ಕಲ್ಲು ಎಸೆಯುತ್ತಿದ್ದ. ಕೇಳಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವನು ಕುಣಿಯುತ್ತಾನೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಕಲ್ಲನ್ನು ತಿರುಗಿಸುತ್ತಾ ನಿಂತ.

"ನಂಗೆ ಹೇಳ್ಲಿ," ಎಂದ.

"ಹೇಳಿದ್ನಲ್ಲ, ನಾನೇ ಕೇಳಿಸ್ಕೊಂಡೆ."

"ಗೋವಿಂದಣ್ಣಂಗೆ ಹೇಳಿದ್ದು ಅದು. ನಂಗೆ ಹೇಳ್ಲಿ."

ಆಮೇಲೆ ಅವನು ಕಾಯತೊಡಗಿದ. ಅಪ್ಪ "ಶಿವು" ಎಂದು ಕರೆದಾಗಲೆಲ್ಲ ಓಡಿ ಹೋಗಿ ಮಂಚದ ಬಳಿ ನಿಲ್ಲುತ್ತಿದ್ದ. ಅಪ್ಪ ಚೊಂಬು ತಾ ಎನ್ನುತ್ತಿದ್ದ, ಕಿಟಕಿ ಹಾಕು ಎನ್ನುತ್ತಿದ್ದ. ಮಾಡಿ ಮುಗಿಸಿದ ಮೇಲೂ ಅಣ್ಣ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದ. "ಏನೋ?" ಎಂದರೆ "ಏನಿಲ್ಲ" ಎನ್ನುತ್ತಿದ್ದ. ಅಪ್ಪ ಊರುಗೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಇಡುವಂತಾದ. ಆಗಲೂ ಆ ಮಾತು ಬರಲಿಲ್ಲ.

ಅಷ್ಟರಲ್ಲಿ ಬೇಸಿಗೆ ಬಂದಿತ್ತು. ಭಾನುವಾರಗಳಲ್ಲಿ ಅಣ್ಣ ತಿಂಡಿ ತಿಂದು ಮಾಯವಾಗುತ್ತಿದ್ದ. ಒಂದು ವಾರ ನಾನು ಟವೆಲ್ಲು ಕಟ್ಟಿಕೊಂಡು, ಚೊಂಬಿನಲ್ಲಿ ನೀರು ಹಿಡಿದು, ಅಳುಕುತ್ತಲೇ ಸಾರಕ್ಕಿ ದಾರಿ ಹಿಡಿದೆ. ಕೆಲಸ ನಿಂತ ಮನೆಯ ಗೋಡೆಯ ಬುಡದಲ್ಲಿ ಹುಲ್ಲು ಬೆಳೆದಿತ್ತು. ಗೊಂಬೆ ಕಟ್ಟುತ್ತಿದ್ದ ಕಂಬದ ಕೆಳಗೆ, ಬಾಗಿಲ ಮೇಲಿನ ಸಜ್ಜದಲ್ಲಿ ಯಾರೋ ಕೈ ಚಾಚಿ ನಿಂತಿದ್ದರು. ಅಪ್ಪನ ಹಳೆಯ ಶರಟು ಮಂಡಿಯ ತನಕ ಇಳಿಬಿದ್ದಿತ್ತು. ಮುಖಕ್ಕೆಲ್ಲ ಮಸಿ, ಅದರ ಮೇಲೆ ಸುಣ್ಣದ ಹಲ್ಲು, ಸುಣ್ಣದ ಮೀಸೆ. ಹೆದರಿ ಎರಡು ಹೆಜ್ಜೆ ಹಿಂದಕ್ಕೆ ಸರಿದ ಮೇಲೆ ಕಾಲು ಗುರುತು ಸಿಕ್ಕಿತು. ಮಂಡಿ ಅಲುಗುತ್ತಿತ್ತು.

"ಅಣ್ಣಾ! ಏನ್ ಮಾಡ್ತಿದ್ದೀಯ?"

"ಕಿಟ್ಕಿಯಿಂದ ಮಳೆ ಬಡ್ದು ಗೊಂಬೆ ಹುಲ್ಲೆಲ್ಲ ಕೊಳ್ತೋಯ್ತು. ಯಾರಾದ್ರೂ ನಿಂತ್ಕೋಬೇಕಲ್ಲ."

"ಇಳಿಯೋ. ಬಿಸ್ಲು."

"ನೀನ್ ಹೋಗು ಪುಟ್ಟಿ. ದೃಷ್ಟಿ ತಗುಲ್ಬಿಡುತ್ತೆ. ಈ ಕಡೆ ನಿಲ್ಬೇಡ."

ನನಗೆ ಇನ್ನೇನೂ ತೋಚಲಿಲ್ಲ. ಟವೆಲ್ಲಿನ ಎರಡು ತುದಿ ಹಿಡಿದು, ಇದ್ದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ.

"ಜಲ್ಲಿರಾಯಾ! ಶರಣಾಗು! ಮಿಂಚುಳ್ಳಿ ಬಂದಿದ್ದೀನಿ!"

ಅವನು ನಗಲಿಲ್ಲ. ಚೊಂಬು ಎತ್ತಿ ತೋರಿಸಿದೆ. ಅವನ ತುಟಿ ಒಡೆದಿತ್ತು, ಗಂಟಲು ಆಡುತ್ತಿತ್ತು. ಆದರೂ ನೀರು ಎನ್ನಲಿಲ್ಲ. ಕೇಳದೆ ಕೊಡುವಂತಿಲ್ಲ. ನಿಯಮವನ್ನು ಮುರಿಯಬಹುದಿತ್ತು ಎಂದು ಈಗ ಯಾರಾದರೂ ಹೇಳಬಹುದು. ಆಗ ಅದು ಮುರಿಯುವಂಥದ್ದಾಗಿರಲಿಲ್ಲ. ಚೊಂಬನ್ನು ನೆರಳಿನಲ್ಲಿಟ್ಟು ಮನೆಗೆ ಓಡಿದೆ. ಅಪ್ಪ ಮಂಚದ ಮೇಲೆ ಕೂತು ಪೇಪರು ಓದುತ್ತಿದ್ದ, ಗೋವಿಂದಣ್ಣ ಪಕ್ಕದಲ್ಲಿದ್ದರು. ಅತ್ತೆ ಅಕ್ಕಿ ಆರಿಸುತ್ತಿದ್ದಳು.

"ಅಪ್ಪಾ, ಅಣ್ಣ ಗೊಂಬೆ ಆಗ್ಬಿಟ್ಟಿದ್ದಾನೆ. ಸಜ್ಜದ ಮೇಲೆ ನಿಂತವ್ನೆ. ನೀರೂ ಕೇಳ್ತಿಲ್ಲ."

ಅತ್ತೆಯ ಕೈ ಮೊರದಲ್ಲೇ ನಿಂತಿತು. ಅಪ್ಪ ಏನೂ ಕೇಳದೆ ಊರುಗೋಲಿಗೆ ಕೈ ಹಾಕಿದ. ಗೋವಿಂದಣ್ಣ ಆಟೋ ತಂದರು. ಬಿದ್ದ ಮೇಲೆ ಅಪ್ಪ ಆ ಸೈಟಿಗೆ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದ, ನೋಯುವಷ್ಟು ಬಿಗಿಯಾಗಿ. ಆಟೋ ಇಳಿದು ಜಲ್ಲಿ ರಾಶಿಯ ತನಕ ನಡೆದು, ತಲೆಯೆತ್ತಿ, ತನ್ನದೇ ಶರಟು ತೊಟ್ಟು ತನ್ನದೇ ಮೀಸೆ ಬರೆದುಕೊಂಡು ನಿಂತಿದ್ದ ಮಗನನ್ನು ನೋಡಿದ.

"ಶಿವು. ಇಳಿಯೋ."

ಗೊಂಬೆ ಅಲುಗಲಿಲ್ಲ.

"ಇಳಿಯೋ ಅಂದ್ನಲ್ಲ. ಸಾಕು."

ಅಣ್ಣ ಕೆಳಗೆ ನೋಡಿದ. ಅವನು ಏನನ್ನು ಕಾಯುತ್ತಿದ್ದಾನೆಂದು ಅಲ್ಲಿದ್ದವರಲ್ಲಿ ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು ಎಂದೇ ನಾನು ನಂಬಿದ್ದೇನೆ. ಅಪ್ಪನ ಬಾಯಿ ತೆರೆಯಿತು. ಅವನು ಕಾಲ ಬಳಿಯ ಜಲ್ಲಿಯನ್ನು ನೋಡಿದ, ಸಜ್ಜವನ್ನು ನೋಡಿದ, ಅವೆರಡರ ನಡುವಿನ ಎತ್ತರವನ್ನು ನೋಡಿದ. ಆಮೇಲೆ ನನ್ನ ಕಡೆ ಕೈ ಚಾಚಿದ. ನೆರಳಲ್ಲಿದ್ದ ಚೊಂಬನ್ನು ತಂದುಕೊಟ್ಟೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಚೊಂಬು. ನೀರು ತುಳುಕಿ ತೋಳಿನ ಮೇಲೆ ಹರಿಯುತ್ತಿದ್ದರೂ ಅದನ್ನು ಮೇಲಕ್ಕೆ ಎತ್ತಿ ಹಿಡಿದೇ ನಿಂತ.

"ಬಾಯಾರಿರುತ್ತೆ. ಬಾ ಮಗಾ."

ಅಪ್ಪನಿಗೆ ನಮ್ಮ ಆಟದ ನಿಯಮ ಗೊತ್ತಿರಲಿಲ್ಲ. ಕೇಳದವನಿಗೆ ಕೊಟ್ಟುಬಿಟ್ಟ. ಅಣ್ಣ ಗೋಡೆ ಹಿಡಿದು ಇಳಿದು ಬಂದು, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದ. ಸುಣ್ಣದ ಹಲ್ಲುಗಳು ಕರಗಿ ಕುತ್ತಿಗೆಗೆ ಇಳಿದವು. ಅಪ್ಪ ನನ್ನ ಕುತ್ತಿಗೆಯ ಟವೆಲ್ಲಿನ ತುದಿ ಎಳೆದುಕೊಂಡು ಅವನ ಮೀಸೆ ಒರೆಸಿದ. ಒರೆಸಿದಷ್ಟೂ ಬಿಳಿ ಹರಡಿತು. ಅತ್ತೆಗೆ ಅಪ್ಪ ಏನು ಹೇಳಿದನೋ ಕಾಣೆ, ಆ ರಾತ್ರಿ ಅವಳು ಅಣ್ಣನ ತಟ್ಟೆಗೆ ತುಪ್ಪ ಹಾಕಿದಳು. ಗೊಂಬೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಮನೆ ಮುಗಿಯಿತು. ಗೃಹಪ್ರವೇಶದ ದಿನ ಅಪ್ಪ ಕುಂಟುತ್ತಲೇ ಹೊಸಿಲು ದಾಟಿದ. ನಡುಮನೆಗೆ ಕೆಂಪು ನೆಲ ಬಂತು, ಸೆರೆಮನೆಗೆ ದೇವರು ಬಂದ. ಅಣ್ಣ ಮತ್ತೆ ಜಲ್ಲಿರಾಯ ಆಗಲಿಲ್ಲ. ಆದರೆ ಮನೆಯ ಮೇಲೆ ಬರುವುದಕ್ಕೆಲ್ಲ ಮುಂದೆ ನಿಲ್ಲುವ ಚಾಳಿ ಅವನನ್ನು ಬಿಡಲಿಲ್ಲ. ನಾನು ಟೈಪಿಂಗ್ ಕ್ಲಾಸಿಗೆ ಹೋಗುವುದಕ್ಕೆ ನೆಂಟರು ಮಾತಾಡಿದಾಗ "ಕಳ್ಸಿದ್ದು ನಾನೇ" ಎಂದ. ಕಳಿಸಿದ್ದು ಅಮ್ಮ. ನನ್ನ ಮೊದಲ ಸಂಬಂಧ ಮುರಿದಾಗ "ನಾನೇ ಬೇಡ ಅಂದೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ. ಜನ ಅವನನ್ನು ಒರಟ ಎನ್ನುತ್ತಿದ್ದರು. ಅವನು ಒರಟನಂತೆಯೇ ಮೀಸೆ ಬಿಟ್ಟಿದ್ದ.

ಅಪ್ಪ ತೀರಿಕೊಂಡಾಗ ಕಾರ್ಯವೆಲ್ಲ ಮುಗಿಸಿ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಕೊನೆಗಾದರೂ ಹೇಳಿದನಾ ಎಂದು ಕೇಳಿದೆ. ಯಾವುದನ್ನು ಎಂದು ಅಣ್ಣ ಕೇಳಲಿಲ್ಲ.

"ನೀರು ಕೊಟ್ನಲ್ಲ, ಬಿಡೇ," ಎಂದ. ಆದರೆ ಅವನ ಮಂಡಿ ಅಲುಗುತ್ತಿತ್ತು.

ಈಗ ಅಣ್ಣನೂ ಇಲ್ಲ. ಆ ಮನೆ ಇದೆ, ಒಂದು ಗೋಡೆಯೂ ಬಿರುಕು ಬಿಟ್ಟಿಲ್ಲ. ಬಾಗಿಲ ಮೇಲಿನ ಸಜ್ಜದ ಕೆಳಗೆ ಹೋಗಿ ನಿಂತು ಮೇಲೆ ನೋಡಿ ಬರುತ್ತೇನೆ. ಒಳಗೆ ಬಂದು ಕೂರುತ್ತೇನೆ, ಮತ್ತೆ ಏಳುತ್ತೇನೆ. ಅಣ್ಣ ಕೇಳದೆಯೇ ಅಪ್ಪ ನೀರು ಕೊಟ್ಟ, ಅದು ನಿಜ. "ನಾನು ಬಿದ್ದದ್ದು ನಿನ್ನಿಂದಲ್ಲ ಶಿವು" ಎಂದು ಅಪ್ಪ ಅಣ್ಣನಿಗೆ ಹೇಳಲಿಲ್ಲ.